ಸಗಣಿ ಜಾಸ್ತಿ ಹಾಕಿದರೆ ಮೀನು ಜಾಸ್ತಿ ಬೆಳೆಯುತ್ತಾ?

ಪ್ರಶ್ನೆ: ನಮ್ಮದು ಸಣ್ಣ ಹಿಡುವಳಿ. ಎರಡು ಹಸು ಇವೆ. ಈ ವರ್ಷ 500 ಚದರ ಮೀಟರಿನ ಹೊಂಡ ತೋಡಿಸಿ ಗೆಂಡೆ ಮೀನಿನ ಮರಿ ಬಿಟ್ಟಿದ್ದೇವೆ. ಮೀನು ಸಗಣಿ ತಿಂದೇ ಬೆಳೆಯುತ್ತೆ ಅಂತಾರೆ. ಎರಡೂ ಹಸುವಿನ ಸಗಣಿಯನ್ನು ದಿನಾ ಹೊಂಡಕ್ಕೇ ಹಾಕಿದರೆ ಬೇಗ ತೂಕ ಬರುತ್ತೆ ಅಲ್ವಾ?

ಉತ್ತರ: ಬರುವುದಿಲ್ಲ. ಹಾಗೆ ಹಾಕಿದರೆ ಮೀನು ಉಳಿಯುವುದೇ ಕಷ್ಟ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಬರೆಯುತ್ತೇನೆ. ಮೊದಲ ವರ್ಷವೇ ಮೀನು ಸತ್ತು ತೇಲಿದರೆ ಆ ಮನೆಯವರು ಮತ್ತೆ ಮೀನಿನ ಕಡೆ ತಲೆ ಹಾಕುವುದಿಲ್ಲ. ಹೊಂಡ ಖಾಲಿ ಬೀಳುತ್ತದೆ.

ಮೊದಲು ಸಗಣಿ ಎಂದರೆ ಏನು ಅಂತ ನೋಡಿ. ಹಸು ಮೇವು ತಿಂದು, ಮೆಲುಕು ಹಾಕಿ, ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಅರಗಿಸಿ, ಇನ್ನು ದಕ್ಕುವುದಿಲ್ಲ ಎಂದು ಬಿಟ್ಟ ನಾರೇ ಅದರಲ್ಲಿ ಹೆಚ್ಚು. ಹಸುವಿಗೇ ದಕ್ಕದ್ದು ಮೀನಿಗೆ ದಕ್ಕೀತೇ? ‘ನಾನು ಕಣ್ಣಾರೆ ನೋಡಿದ್ದೇನೆ, ಸಗಣಿ ಬಿದ್ದ ಕೂಡಲೇ ಮೀನು ಮುತ್ತಿಕೊಳ್ಳುತ್ತವೆ’ ಎನ್ನುತ್ತೀರಿ. ಮುತ್ತಿಕೊಳ್ಳುತ್ತವೆ, ನಿಜ. ಅವು ಹುಡುಕುವುದು ಅದರಲ್ಲಿ ಅರಗದೆ ಉಳಿದ ಕಾಳಿನ ಚೂರನ್ನು, ಹುಳವನ್ನು. ಕೋಳಿ ಹಿಕ್ಕೆಯಲ್ಲಿ ಇಂಥದ್ದು ಸ್ವಲ್ಪ ಜಾಸ್ತಿ ಸಿಗುತ್ತದೆ. ಸಾಮಾನ್ಯ ಗೆಂಡೆ, ಮೃಗಾಲ್ ತರಹದ ತಳದ ಮೀನುಗಳು ಕೊಳೆತ ಕಸವನ್ನೂ ಒಂದಿಷ್ಟು ತಿನ್ನುತ್ತವೆ. ಅಷ್ಟರಿಂದಲೇ ಹೊಂಡದ ಮೀನೆಲ್ಲ ಕೊಬ್ಬುವುದಿಲ್ಲ.

ಹಾಗಾದರೆ ಸಗಣಿ ಯಾಕೆ ಹಾಕಬೇಕು? ಗದ್ದೆಗೆ ಯಾಕೆ ಗೊಬ್ಬರ ಹಾಕುತ್ತೀರೋ ಅದಕ್ಕೇ. ಪೈರು ಗೊಬ್ಬರವನ್ನು ಅಗಿದು ನುಂಗುವುದಿಲ್ಲ ಅಲ್ವಾ? ನೀರಿನಲ್ಲಿ ಸಗಣಿ ಕೊಳೆತಾಗ ಸಾರಜನಕ, ರಂಜಕ ಬಿಡುಗಡೆಯಾಗುತ್ತವೆ. ಅದನ್ನು ಹೀರಿಕೊಂಡು, ಬಿಸಿಲು ಕುಡಿದು, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಯುತ್ತದೆ. ನೀರಿಗೆ ತಿಳಿ ಹಸಿರು ಬಣ್ಣ ಬರುವುದು ಅದರಿಂದಲೇ. ಆ ಪಾಚಿಯನ್ನು ತಿಂದು ಸಣ್ಣ ಸಣ್ಣ ಜೀವಿಗಳು ಹುಟ್ಟುತ್ತವೆ. ಬೆಳ್ಳಿ ಗೆಂಡೆ ಪಾಚಿಯನ್ನೂ, ಕಾಟ್ಲಾ ಆ ಸಣ್ಣ ಜೀವಿಗಳನ್ನೂ ಕಿವಿರಿನಲ್ಲಿ ಸೋಸಿ ತಿನ್ನುತ್ತವೆ. ಹೊಂಡವನ್ನು ನೀರು ನಿಂತ ಹೊಲ ಅಂದುಕೊಳ್ಳಿ. ಅಲ್ಲಿ ನೀವು ಬೆಳೆಯುತ್ತಿರುವ ಮೇವು ಪಾಚಿ. ಅದನ್ನು ಮೇಯುವುದು ಮೀನು.

ಈಗ ಅಪಾಯದ ಮಾತು. ಪಾಚಿ ಹಗಲಿನಲ್ಲಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ತಾನೇ ಉಸಿರಾಡುತ್ತದೆ. ಮೀನೂ ಉಸಿರಾಡುತ್ತದೆ. ಸಗಣಿಯನ್ನು ಕೊಳೆಸುವ ಬ್ಯಾಕ್ಟೀರಿಯಾ ಹಗಲು ರಾತ್ರಿ ಎನ್ನದೆ ಎಳೆದುಕೊಳ್ಳುತ್ತಲೇ ಇರುತ್ತವೆ. ಸಂಜೆ ತುಂಬಿದ್ದ ಪಾತ್ರೆ ಬೆಳಗಿನ ಜಾವಕ್ಕೆ ಬರಿದಾಗುತ್ತಾ ಬರುತ್ತದೆ. ಒಂದು ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಗೆಂಡೆ ಮೀನು ನೆಮ್ಮದಿಯಾಗಿರುತ್ತದೆ. 2ಕ್ಕೆ ಇಳಿದರೆ ಒದ್ದಾಡುತ್ತದೆ. ಸೂರ್ಯ ಹುಟ್ಟುವ ಮುಂಚೆ ಮೀನೆಲ್ಲ ಮೇಲೆ ಬಂದು, ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದರೆ ಇದೇ ಕಾರಣ. ಸುಮಾರು ಜನ ಇದನ್ನು ನೋಡಿ ‘ಹಸಿವಾಗಿದೆ’ ಅಂತ ಇನ್ನೊಂದು ಬುಟ್ಟಿ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಗಣಿ, ತಿಂಡಿ ಎರಡನ್ನೂ ನಿಲ್ಲಿಸಿ. ಹೊಸ ನೀರು ಬಿಡಿ. ಪಂಪಿದ್ದರೆ ಹೊಂಡದ ನೀರನ್ನೇ ಎತ್ತಿ ಮಳೆ ಹನಿಯಂತೆ ಮೇಲಿಂದ ಬೀಳಿಸಿ. ಮೋಡ ಕವಿದ ದಿನಗಳಲ್ಲಂತೂ ಸಗಣಿ ಬೇಡವೇ ಬೇಡ.

ಎಷ್ಟು ಹಾಕಬೇಕು? ಒಂದು ಹಸು ವರ್ಷಕ್ಕೆ ಸುಮಾರು 4,000ದಿಂದ 5,000 ಕಿಲೋ ಸಗಣಿ ಹಾಕುತ್ತದೆ. ಒಂದು ಹೆಕ್ಟೇರ್, ಅಂದರೆ 10,000 ಚದರ ಮೀಟರ್ ಹೊಂಡಕ್ಕೆ 5ರಿಂದ 6 ಹಸುಗಳ ಸಗಣಿ ಸಾಕು ಎನ್ನುವುದು ಬಹಳ ಕಾಲದಿಂದ ನಡೆದು ಬಂದ ಲೆಕ್ಕ. ನಿಮ್ಮದು ಅದರ ಇಪ್ಪತ್ತನೇ ಒಂದು ಭಾಗ. ಭಾಗಿಸಿ ನೋಡಿ, ಕಾಲು ಹಸುವಿನ ಸಗಣಿ ಸಾಕಾಗುತ್ತದೆ. ದಿನಕ್ಕೆ ಮೂರು, ಮೂರೂವರೆ ಕಿಲೋ. ನೀವು ಹಾಕಬೇಕೆಂದಿರುವುದು ಅದರ ಏಳೆಂಟು ಪಟ್ಟು! ಉಳಿದದ್ದು ತಿಪ್ಪೆಗೆ ಹೋಗಲಿ, ಹೊಲಕ್ಕೆ ಅದು ಬೇಕೇ ಬೇಕು. ಗೋಬರ್ ಗ್ಯಾಸ್ ಇದ್ದರೆ ಅದರ ಬಗ್ಗಡ ಹಸಿ ಸಗಣಿಗಿಂತ ಒಳ್ಳೆಯದು. ಅರ್ಧ ಕೊಳೆತೇ ಬಂದಿರುವುದರಿಂದ ನೀರಿನ ಆಮ್ಲಜನಕವನ್ನು ಅಷ್ಟು ತಿನ್ನುವುದಿಲ್ಲ. ಬಾತುಕೋಳಿ ಬಿಡುವವರಿಗೆ ಹೆಕ್ಟೇರಿಗೆ 200ರಿಂದ 300ರ ಲೆಕ್ಕ. ನಿಮ್ಮ ಹೊಂಡಕ್ಕೆ 10ರಿಂದ 15 ಸಾಕು. ಅವುಗಳ ಹಿಕ್ಕೆಯೇ ಗೊಬ್ಬರವಾಗುತ್ತದೆ, ಆಗ ಸಗಣಿಯೂ ಬೇಡ.

ಆ ಮೂರು ಕಿಲೋವನ್ನೂ ಒಂದೇ ಮೂಲೆಗೆ ಸುರಿಯಬೇಡಿ. ಬಿಸಿಲೇರಿದ ಮೇಲೆ ನೀರಿನಲ್ಲಿ ಕದಡಿ ಸುತ್ತಲೂ ಎರಚಿ. ಹಾಕುವ ಮುಂಚೆ ತೋಳನ್ನು ನೇರವಾಗಿ ನೀರಿಗೆ ಇಳಿಸಿ, ಅಂಗೈ ನೋಡುತ್ತಾ ಇರಿ. ನೀರು ಮೊಣಕೈ ಮುಟ್ಟುವ ಹೊತ್ತಿಗೆ ಅಂಗೈ ಮರೆಯಾದರೆ ಹದ ಸರಿ ಇದೆ. ಅದಕ್ಕೂ ಮುಂಚೆಯೇ ಮರೆಯಾದರೆ ಗೊಬ್ಬರ ಜಾಸ್ತಿಯಾಗಿದೆ, ಕೆಲವು ದಿನ ನಿಲ್ಲಿಸಿ. ಮೊಣಕೈ ಮುಳುಗಿದರೂ ಬೆರಳು ಎಣಿಸುವಂತಿದ್ದರೆ ಸ್ವಲ್ಪ ಹಾಕಬಹುದು. ನೀರು ಮಣ್ಣಿನಿಂದ ಕೆಂಪಾಗಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ.

ಮೀನು ಹಿಡಿದ ಮೇಲೆ ತಳದ ಹೂಳನ್ನು ಎತ್ತಿ ತರಕಾರಿ ಮಡಿಗೆ ಹಾಕಿ. ಚೀನಾದ ಹುಝೌ ಕಡೆಯ ರೈತರು ಹಿಂದಿನಿಂದಲೂ ಹೀಗೇ ಮಾಡುತ್ತಾ ಬಂದಿದ್ದಾರೆ. ಹೊಂಡದ ಹೂಳು ಏರಿಯ ಮೇಲಿನ ಹಿಪ್ಪುನೇರಳೆಗೆ, ಸೊಪ್ಪು ರೇಷ್ಮೆಹುಳಕ್ಕೆ, ಹುಳದ ಹಿಕ್ಕೆ ಮತ್ತೆ ಮೀನಿನ ಹೊಂಡಕ್ಕೆ. ಅಲ್ಲೂ ಮೀನಿಗೇ ಎಲ್ಲವನ್ನೂ ಸುರಿಯುವುದಿಲ್ಲ. ಸುತ್ತು ಮುರಿಯದಂತೆ ಹಂಚುತ್ತಾರೆ. ಇನ್ನೊಂದು ವಿಷಯ: ಬೆಳೆಗೆ ಕೀಟನಾಶಕ ಹೊಡೆದಾಗ ಆ ನೀರು ಹೊಂಡಕ್ಕೆ ಹರಿಯದಂತೆ ಬದು ಕಟ್ಟಿ. ಸೈಪರ್‌ಮೆಥ್ರಿನ್ ತರಹದ್ದು ಮೀನಿಗೆ ಕಡು ವಿಷ.

ನೀವು ಕೇಳಿಲ್ಲ, ಆದರೂ ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋಗುವವರು ಯಾರು? ಸಗಣಿ ಬಾಚಿ ಹೊಂಡದ ತನಕ ಹೊರುವವರು ಯಾರು? ಹೆಚ್ಚಿನ ಮನೆಗಳಲ್ಲಿ ತರಬೇತಿಗೆ ಹೋಗಿ ಬರುವವರು ಒಬ್ಬರು, ಬುಟ್ಟಿ ಹೊರುವವರು ಇನ್ನೊಬ್ಬರು. ಅಲ್ಲೇ ಈ ಪದ್ಧತಿ ಮುಗ್ಗರಿಸುವುದನ್ನು ನಾನು ನೋಡುತ್ತಿದ್ದೇನೆ. ಮೀನು ಬಾಯಿ ತೆರೆದು ಮೇಲೆ ಬರುವ ಹೊತ್ತಿಗೂ ಹಾಲು ಕರೆಯುವ ಹೊತ್ತಿಗೂ ದೂರವಿಲ್ಲ. ಅದು ಮೊದಲು ಕಣ್ಣಿಗೆ ಬೀಳುವುದು ಹಾಲು ಕರೆಯುವವರಿಗೇ. ಅವರಿಗೆ ಅದರ ಅರ್ಥ ಗೊತ್ತಿರಬೇಕು. ‘ಇವತ್ತು ಸಗಣಿ ಬೇಡ’ ಎಂದು ಯಾರನ್ನೂ ಕೇಳದೆ ನಿಲ್ಲಿಸುವ ಮಾತೂ ಅವರದೇ ಆಗಿರಬೇಕು.

ಎಲ್ಲರ ತೋಳೂ ಒಂದೇ ಉದ್ದ ಇರುವುದಿಲ್ಲ. ಹಾಗಾಗಿ ಒಂದು ಕೋಲಿನ ತುದಿಗೆ ಬಿಳಿ ತಟ್ಟೆಯನ್ನು ಅಡ್ಡಡ್ಡಲಾಗಿ ಮೊಳೆ ಹೊಡೆದು ಕೂರಿಸಿ. ತಟ್ಟೆಯಿಂದ 30 ಸೆಂಟಿಮೀಟರ್ ಮೇಲೆ ಕೆಂಪು ಗೆರೆ ಬಳಿಯಿರಿ. ಗೆರೆ ಮುಳುಗುವ ಮುಂಚೆಯೇ ತಟ್ಟೆ ಮರೆಯಾದರೆ ಬುಟ್ಟಿ ತಿಪ್ಪೆಯ ಕಡೆ ತಿರುಗಲಿ. ಆ ಕೋಲು ಕೊಟ್ಟಿಗೆಯಲ್ಲಿ, ಬುಟ್ಟಿಯ ಪಕ್ಕದಲ್ಲೇ ಇರಲಿ.