ವೀಕ್ಷಕ ವಿವರಣೆಯೋ, ವರದಿಗಾರಿಕೆಯೋ: ಶುರು ಎಲ್ಲಿಂದ?

ಪಿಯುಸಿ ರಿಸಲ್ಟ್ ಬಂದರೆ ಸಾಕು, ನನಗೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಕಾಮೆಂಟೇಟರ್ ಆಗೋಕೆ ಯಾವ ಕೋರ್ಸ್ ಮಾಡಬೇಕು? ರಿಪೋರ್ಟರ್ ಆಗೋಕೆ ಬೆಂಗಳೂರಿಗೇ ಹೋಗಬೇಕಾ? ಎರಡೂ ಮೈಕ್ ಹಿಡಿಯುವ ಕೆಲಸ, ದಾರಿಯೂ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ.

ಟಿವಿಯಲ್ಲಿ ಪಂದ್ಯ ನಡೆಯುವಾಗ ಸಾಮಾನ್ಯವಾಗಿ ಇಬ್ಬರು ಮಾತಾಡುತ್ತಿರುತ್ತಾರೆ. ಒಬ್ಬರು ಆಟವನ್ನು ಹೇಳಿಕೊಂಡು ಹೋಗುತ್ತಾರೆ, ಇನ್ನೊಬ್ಬರು ಯಾಕೆ ಹಾಗಾಯ್ತು ಅಂತ ಬಿಡಿಸಿ ಹೇಳುತ್ತಾರೆ. ಈ ಎರಡನೇ ಜಾಗ ಹೆಚ್ಚಾಗಿ ಆಡಿ ಬಂದವರದು. ವಿಜಯ್ ಭಾರದ್ವಾಜ್ ಭಾರತಕ್ಕೆ ಆಡಿ, ಆಮೇಲೆ ಕನ್ನಡ ಕಾಮೆಂಟರಿಗೆ ಬಂದವರು. ಉಳಿದವರಿಗೆ ಮೊದಲನೇ ಜಾಗ ಇದೆ. ಹರ್ಷ ಭೋಗ್ಲೆ ಭಾರತಕ್ಕೆ ಆಡಿದವರಲ್ಲ, ಓದಿದ್ದು ಕೆಮಿಕಲ್ ಇಂಜಿನಿಯರಿಂಗ್, 19ನೇ ವಯಸ್ಸಿಗೇ ಹೈದರಾಬಾದ್ ಆಕಾಶವಾಣಿಯಲ್ಲಿ ಶುರು ಮಾಡಿದರು.

ಇದರ ಅಭ್ಯಾಸಕ್ಕೆ ನಮ್ಮ ಕಡೆ ಇರುವಷ್ಟು ಅವಕಾಶ ಬೇರೆ ಕಡೆ ಕಡಿಮೆ. ಮಳೆ ನಿಂತ ಮೇಲೆ ಉಡುಪಿ, ದಕ್ಷಿಣ ಕನ್ನಡದಲ್ಲಿ ಹೊನಲು ಬೆಳಕಿನ ಕಬಡ್ಡಿಯೋ ವಾಲಿಬಾಲೋ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟವೋ ಇಲ್ಲದ ಶನಿವಾರ ಸಿಗುವುದು ಕಷ್ಟ, ವೀಕ್ಷಕ ವಿವರಣೆ ಇಲ್ಲದ ಪಂದ್ಯಾಟವಂತೂ ಇಲ್ಲವೇ ಇಲ್ಲ. ಸಂಘಟಕರ ಹತ್ತಿರ ಹೋಗಿ, ಲೀಗ್ ಹಂತದ ಒಂದೆರಡು ಮ್ಯಾಚ್ ನನಗೆ ಕೊಡಿ ಅಂತ ಕೇಳಿ. ಕೊಡುತ್ತಾರೆ.

ಅಲ್ಲಿ ಕಲಿಯೋದೇನು? ಕಬಡ್ಡಿಯನ್ನೇ ತಗೊಳ್ಳಿ. ಒಂದು ರೈಡ್‌ಗೆ 30 ಸೆಕೆಂಡ್. ರೈಡರ್ ಬಲಕ್ಕೆ ಹೋದ, ಎಡಕ್ಕೆ ಬಂದ ಅಂತ ಹೇಳಿ ಪ್ರಯೋಜನ ಇಲ್ಲ, ಎದುರು ಕೂತವರಿಗೆ ಅದು ಕಾಣುತ್ತಿದೆ. ಪ್ರೊ ಕಬಡ್ಡಿ ನಿಯಮದ ಪಂದ್ಯವಾದರೆ, ಅಂಕಣದಲ್ಲಿ ಮೂರೇ ಜನ ಉಳಿದಿದ್ದಾರೆ, ಈಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್ ಅನ್ನೋದನ್ನು ರೈಡರ್ ಗೆರೆ ದಾಟುವ ಮೊದಲೇ ಹೇಳಿಬಿಡಬೇಕು. ಆಮೇಲೆ ಸುಮ್ಮನಿರಬೇಕು. ಹಿಡಿದಾಗ ಜನ ಕೂಗೋದು ಕೇಳಬೇಕಲ್ವಾ? ರೇಡಿಯೋದಲ್ಲಿ ಇದು ಪೂರ್ತಿ ಉಲ್ಟಾ. ಯಾರು ಎಲ್ಲಿ ನಿಂತಿದ್ದಾರೆ ಅಂತ ಹೇಳಬೇಕು, ಈಗಷ್ಟೇ ರೇಡಿಯೋ ಹಾಕಿದವರಿಗಾಗಿ ಸ್ಕೋರನ್ನು ಮತ್ತೆ ಮತ್ತೆ ಹೇಳುತ್ತಿರಬೇಕು. ನಿಮ್ಮ ವಿವರಣೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಕೂತು ಕೇಳಿ. ‘ಅದ್ಭುತ’, ‘ರೋಚಕ’ ಎಷ್ಟು ಸಲ ಬಂತು ಅಂತ ಲೆಕ್ಕ ಹಾಕಿ.

ವರದಿಗಾರರ ದಾರಿ ಬೇರೆ. ಪತ್ರಿಕೋದ್ಯಮ ಮಂಗಳೂರು ವಿಶ್ವವಿದ್ಯಾನಿಲಯ ಇರುವ ಮಂಗಳಗಂಗೋತ್ರಿಯಲ್ಲೂ ಓದಬಹುದು, ಮಣಿಪಾಲದಲ್ಲೂ ಓದಬಹುದು. ಡಿಗ್ರಿ ಬೇಕು, ಮಾಡಿ. ಆದರೆ ಮೊದಲ ಕೆಲಸ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕ್‌ನಲ್ಲೋ ಅಥವಾ ಕುಂದಾಪುರ, ಕಾರ್ಕಳದಂಥ ತಾಲೂಕಿನ ಸ್ಟ್ರಿಂಗರ್ ಆಗಿಯೋ ಸಿಗೋದೇ ಜಾಸ್ತಿ. ಸ್ಟ್ರಿಂಗರ್‌ಗೆ ಸಂಬಳ ಇಲ್ಲ, ಒಂದು ಸುದ್ದಿಗೆ ಇಷ್ಟು ಅಂತ ದುಡ್ಡು. ಅದರಲ್ಲಿ ಮನೆ ನಡೆಯೋದಿಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಈ ಕಡೆ ಎಳೆಯೋದು ನನಗೆ ಇಷ್ಟವಿಲ್ಲ. ಕ್ಯಾಮೆರಾ ಹಿಡಿಯೋದು, ಎಡಿಟಿಂಗ್ ಎರಡೂ ಗೊತ್ತಿದ್ದರೆ ಆ ವರ್ಷಗಳನ್ನು ದಾಟಬಹುದು.

ಆದರೆ ಊರಿನ ಸುದ್ದಿ ಮಾಡಿದವರಿಗೆ ಒಂದು ಬಲ ಇರುತ್ತದೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಅಂತ ಲೆಕ್ಕ ಹಾಕಿ, ಬೋಲ್ಟ್‌ನ ವಿಶ್ವದಾಖಲೆ 9.58 ಸೆಕೆಂಡಿಗಿಂತ ವೇಗ ಅಂತ ದೇಶವಿಡೀ ಸುದ್ದಿಯಾಯಿತು. ಕರೆಯ, ಅಂದರೆ ಕೋಣ ಓಡುವ ಕೆಸರಿನ ಟ್ರ್ಯಾಕಿನ ಪಕ್ಕ ನಿಂತು ನೋಡಿದವರಿಗೆ ಗೊತ್ತು, ಓಟಗಾರನನ್ನು ಮುಂದೆ ಎರಡು ಕೋಣ ಎಳೆದುಕೊಂಡು ಹೋಗುತ್ತಿರುತ್ತವೆ, ಕಾಲ ಕೆಳಗೆ ಕೆಸರು, ಮೇಲಾಗಿ ಎಲ್ಲಾ ಕರೆಗಳ ಉದ್ದ ಒಂದೇ ಅಲ್ಲ. ಗೌಡರು ಟ್ರ್ಯಾಕ್ ಟ್ರಯಲ್ಸ್‌ಗೂ ಒಪ್ಪಲಿಲ್ಲ. ಇಷ್ಟನ್ನು ಬಿಡಿಸಿ ಬರೆದರೆ ಅದೇ ಒಳ್ಳೆ ವರದಿ, ಗೌಡರ ಓಟದ ಬೆಲೆಯೂ ಅದರಿಂದ ಕಮ್ಮಿಯಾಗೋದಿಲ್ಲ. ಮಲ್ಪೆ ಬಂದರಿಗೆ ಹೋಗುವವರೂ ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ ಅನ್ನೋದು ಮೊದಲೇ ಗೊತ್ತಿರಬೇಕು, ಅಲ್ಲಿ ಹೋಗಿ ಕೇಳೋದಲ್ಲ.

ಮಂಗಳೂರು ಆಕಾಶವಾಣಿ ಸಾಂದರ್ಭಿಕ ಉದ್ಘೋಷಕರಿಗೆ (ಕರೆದಾಗ ಬಂದು ಕೆಲಸ ಮಾಡುವ ಅನೌನ್ಸರ್) ಅರ್ಜಿ ಕರೆದರೆ ಬಿಡಬೇಡಿ. ಬೆಂಗಳೂರಿಗೆ ಹೋಗೋದಾದರೂ ಬರೀ ಮಾರ್ಕ್ಸ್‌ಕಾರ್ಡ್ ತಗೊಂಡು ಹೋಗಬೇಡಿ. ಕಾಮೆಂಟರಿಯವರು ಒಂದು ಪಂದ್ಯದ ಐದು ನಿಮಿಷದ ರೆಕಾರ್ಡಿಂಗನ್ನು ಕತ್ತರಿಸದೆ ಒಯ್ಯಿರಿ, ವರದಿಗಾರರು ತಮ್ಮ ಹೆಸರಲ್ಲಿ ಬಂದ ವರದಿಗಳನ್ನು ಒಯ್ಯಿರಿ. ಕೆಲಸ ಕೊಡುವವರು ಮೊದಲು ಕೇಳೋದು ಅದನ್ನೇ.