ಮಾಳಿಗೆ ಮನೆ: ಸೋರಿದ ಕಲೆಯಲ್ಲ, ತೊಲೆಯ ತುದಿ ನೋಡಿ

ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳೇ ಓಣಿಗಳಲ್ಲಿ ಮನೆ ಕೊಳ್ಳಲು ಬಂದವರು ತಲೆ ಎತ್ತಿ ಮೊದಲು ಹುಡುಕುವುದು ಸೋರಿದ ಕಲೆ. ಮಾರುವವರಿಗೂ ಅದು ಗೊತ್ತು. ಒಂದು ಡಬ್ಬಿ ಡಿಸ್ಟೆಂಪರ್ ಹೊಡೆಸಿದರೆ ಕಲೆ ಮಾಯ. ಆದರೆ ಮಣ್ಣಿನ ಮಾಳಿಗೆ, ಅಂದರೆ ಮರದ ದಪ್ಪ ತೊಲೆ ಮತ್ತು ಅದರ ಮೇಲಿನ ಸಣ್ಣ ಜಂತಿಗಳ ಮೇಲೆ ಮಣ್ಣು ಹಾಸಿದ ಚಾವಣಿ, ನಾಲ್ಕು ಹನಿ ಸೋರಿದ್ದಕ್ಕೇ ಕುಸಿಯುವುದಿಲ್ಲ. ಗೋಡೆಯೊಳಗೆ ಕೂತ ತೊಲೆ, ಜಂತಿಗಳ ತುದಿ ಕೊಳೆತು, ಮೇಲಿನ ಭಾರ ಹೊರಲಾಗದೆ ಕುಸಿಯುತ್ತದೆ.

ಭಾರ ಎಷ್ಟು? ಒಂದು ಚದರಡಿಯ ಮೇಲೆ ಒಂದಿಂಚು ಒಣ ಮಣ್ಣೆಂದರೆ ಸುಮಾರು 4 ಕೆ.ಜಿ. ಕೋಣೆ 10×12 ಅಡಿ, ಮಣ್ಣು 9 ಇಂಚು ಇದ್ದರೆ ತಲೆಯ ಮೇಲಿರುವುದು ನಾಲ್ಕು ಟನ್ನಿಗೂ ಮಿಕ್ಕಿದ ಮಣ್ಣು. ಮಳೆಗೆ ನೆನೆದರೆ ಇನ್ನೂ ಹೆಚ್ಚು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು (ಕ್ಷಾರ) ಮಣ್ಣು ಹಾಕುವುದು ವಾಡಿಕೆ. ಅದರಲ್ಲಿನ ಸೋಡಿಯಂನಿಂದಾಗಿ ನೀರು ಬಿದ್ದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ಬೈಸಿಕೊಳ್ಳುವ ಗುಣವೇ ಮಾಳಿಗೆಗೆ ಬೇಕಾದದ್ದು. ಸಡಿಲವಾದ ಹಳೇ ಪದರ ಕೆರೆದು ತೆಗೆದೇ ಹೊಸದು ಹಾಕಬೇಕು. ಕೂಲಿ ಉಳಿಸಲು ಅದನ್ನು ಬಿಟ್ಟ ಮನೆಗಳಲ್ಲಿ ಪದರದ ಮೇಲೆ ಪದರ ಏರಿ ಕೂತಿರುತ್ತದೆ.

ಇದನ್ನು ಅಳೆಯಲು ಮಾಳಿಗೆ ಅಗೆಯಬೇಕಿಲ್ಲ, ಬೆಳಕಿಗಾಗಿ ಮಾಳಿಗೆಯಲ್ಲೇ ಬಿಟ್ಟ ಬೆಳಕಿಂಡಿ ಸಾಕು. ಟೇಪಿನ ತುದಿಯನ್ನು ಒಳಗಿನಿಂದ ಚಿಲಕಿಯ (ಜಂತಿಗಳ ಮೇಲೆ, ಮಣ್ಣಿನ ಅಡಿಗೆ ಹಾಸಿದ ಮರದ ತುಂಡುಗಳ) ಮಟ್ಟಕ್ಕೆ ಹಿಡಿದು, ಹೊರಗೆ ಮಣ್ಣಿನ ಮಟ್ಟದವರೆಗೆ ಅಳೆಯಿರಿ. ಬೆಳಕಿಂಡಿಯ ಕಟ್ಟೆ ಮಣ್ಣಿಗಿಂತ ನಾಲ್ಕಿಂಚಾದರೂ ಮೇಲಿರಬೇಕು. ಮಣ್ಣಿಗೆ ಸಮವಾಗಿದ್ದರೆ, ಅಥವಾ ಹಳೇ ಕಟ್ಟೆಯ ಮೇಲೆ ಹೊಸ ಇಟ್ಟಿಗೆ ಕೂರಿಸಿದ್ದರೆ ಮಣ್ಣು ಏರಿದೆ ಎಂದೇ ಲೆಕ್ಕ. ಮೇಲೆ ಹತ್ತಿದಾಗ ಕೋಣೆಯ ನಡುವೆ ಓಡಾಡಬೇಡಿ, ಗೋಡೆಯ ಅಂಚಿಗೇ ನಡೆಯಿರಿ.

ಇನ್ನು ತೊಲೆ. ದಪ್ಪ ಸ್ಕ್ರೂಡ್ರೈವರ್ ಒಂದು, ಏಣಿ ಒಂದು, ಟಾರ್ಚ್ ಒಂದು ಬೇಕು. ತೊಲೆಯ ನಡುಭಾಗ ಚೆನ್ನಾಗಿ ಕಂಡರೆ ನಂಬಬೇಡಿ. ಗೋಡೆಯಿಂದ ಒಂದು ಗೇಣಿನೊಳಗೆ, ಕೆಳಮೈಯಲ್ಲೂ ಪಕ್ಕದಲ್ಲೂ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ತೇಗ, ಬೇವು ಆದರೆ ಗೀರು ಬೀಳುತ್ತದೆ ಅಷ್ಟೆ. ಕಾಲಿಂಚಿಗಿಂತ ಆಳ ಇಳಿದರೆ ಒಳಗೆ ಹುಡಿಯಾಗಿದೆ. ಹಿಡಿಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಗೆದ್ದಲಿನ ಅನುಮಾನ. ಗೋಡೆಯಿಂದ ತೊಲೆಗೆ ಹತ್ತಿದ ಮಣ್ಣಿನ ಸಾಲು ಹುಡುಕಿ. ಜಾಲಿಯ ಜಂತಿಗಳಿದ್ದರೆ ಕೆಳಗೆ ನೆಲದಲ್ಲಿ ಹಳದಿ ಹುಡಿ ಬಿದ್ದಿದೆಯೇ ನೋಡಿ, ನುಸಿ ಹಿಡಿದದ್ದು ಅಲ್ಲೇ ಗೊತ್ತಾಗುತ್ತದೆ. ಬಾಗಿದ್ದನ್ನು ಅಳೆಯಲು ತೊಲೆಯ ಈ ತುದಿಯಿಂದ ಆ ತುದಿಗೆ ದಾರ ಬಿಗಿಯಿರಿ. ಹತ್ತಡಿಗೆ ಅರ್ಧ ಇಂಚು ಬಾಗಿದ್ದರೆ ವಯಸ್ಸಿನದು. ಒಂದಿಂಚು ದಾಟಿದ್ದರೆ ಕೆಳಗೆ ಊರೆ (ಆಸರೆಯ ಕಂಬ) ಕೊಡದೆ ಆ ಕೋಣೆಯಲ್ಲಿ ಮಲಗಬೇಡಿ.

ಬಹಳ ಜನ ಮರೆಯುವುದು ಪಕ್ಕದ ಮನೆಯನ್ನು. ಹಳೇ ಪೇಟೆಯಲ್ಲಿ ಗೋಡೆ ಜಂಟಿ. ನೆರೆಯವರು ತಮ್ಮ ಮಾಳಿಗೆ ಕೆಡವಿ ಹಿಂದೆ ಸರಿದು ಆರ್‌ಸಿಸಿ ಕಟ್ಟಿದ್ದರೆ, ಎಂದೂ ಮಳೆ ಕಾಣದ ಮಣ್ಣಿನ ಗೋಡೆ ಈಗ ಬಯಲಿಗೆ ಬಿದ್ದಿರುತ್ತದೆ. ನಿಮ್ಮ ತೊಲೆಯ ತುದಿಗೆ ನೀರು ಹೋಗುವುದು ಅಲ್ಲಿಂದ. ಅವರ ಹರನಾಳಿಗೆ (ಚಾವಣಿಯ ಮಳೆನೀರು ಹೊರಹೋಗುವ ಕೊಳವೆ) ಯಾವ ಕಡೆ ಬಾಯಿ ಮಾಡಿದೆ ಎಂಬುದನ್ನೂ ನೋಡಿಕೊಳ್ಳಿ.

ಮಣ್ಣಿನ ಮೇಲೆ ಹೊಸದಾಗಿ ಸಿಮೆಂಟ್ ಬಳಿದಿದ್ದರೆ ಹೆಚ್ಚೇ ಅನುಮಾನಿಸಿ. ಮಣ್ಣು ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಬಿಸಿಲು ನಲವತ್ತು ಡಿಗ್ರಿ ಇದ್ದರೂ ಮೇಲೆ ಆರಿಹೋಗಲಾರದೆ ಕೆಳಗೆ ಮರಕ್ಕೇ ಸೇರುತ್ತದೆ. ಫಾಲ್ಸ್ ಸೀಲಿಂಗ್ ಹಾಕಿದ್ದರೆ ಗೋಡೆ ಪಕ್ಕದ ಒಂದು ಹಲಗೆ ಬಿಚ್ಚಿಸಿ. ಬಿಚ್ಚಲು ಒಪ್ಪದವರ ಜೊತೆ ದರದ ಮಾತೇ ಬೇಡ.

ಕಲ್ಲಿನ ಚಪ್ಪಡಿಯ ಮನೆಯಾದರೆ ಒಂದೇ ಪರೀಕ್ಷೆ: ಚಪ್ಪಡಿಯ ನಡುವೆ ಅಡ್ಡಲಾಗಿ ಕೂದಲೆಳೆಯ ಬಿರುಕು. ಕಲ್ಲು ಬಾಗಿ ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಗಾರೆ ತುಂಬಿದರೆ ಬಿರುಕು ಕಾಣುವುದಿಲ್ಲ ಅಷ್ಟೆ, ಬಲ ಬರುವುದಿಲ್ಲ. ಹಳೇ ಆರ್‌ಸಿಸಿಯಲ್ಲಿ ಬಚ್ಚಲುಮನೆಯ ಮೇಲ್ಭಾಗ ಮತ್ತು ಚಜ್ಜಾಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಉಪ್ಪು ಬೋರ್‌ವೆಲ್ ನೀರಲ್ಲಿ ಕಲೆಸಿದ ಕಾಂಕ್ರೀಟಾದರೆ ಕಬ್ಬಿಣ ಬೇಗ ತುಕ್ಕು ಹಿಡಿದು ಉಬ್ಬಿ ಅಡಿಯ ಹೊದಿಕೆಯನ್ನು ಎಬ್ಬಿಸುತ್ತದೆ. ಮೇಲೆ ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಕಾಯುವ ಪರೀಕ್ಷೆ ಇದಕ್ಕೆ ಮಾತ್ರ. ಮಣ್ಣಿನ ಮಾಳಿಗೆಗೆ ನೀರು ನಿಲ್ಲಿಸಿದರೆ ನೀವೇ ಕೆಡಿಸಿದಂತೆ.

ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ. ಏಪ್ರಿಲ್‌ನಲ್ಲಿ ಒಣಗಿ ಗರಿಗರಿಯಾಗಿ ಕಂಡ ಮನೆಗೆ ಅಡ್ವಾನ್ಸ್ ಕೊಡಲೇಬೇಕಾದರೆ, ಕೊಳೆತ ತುದಿಗಳನ್ನು ಎಣಿಸಿ ಕರಾರಿನಲ್ಲೇ ಬರೆಸಿ. ಮೂರರಲ್ಲಿ ಒಂದು ತುದಿ ಹೋಗಿದ್ದರೆ ಮಾಳಿಗೆಗೆ ಬೆಲೆ ಕಟ್ಟಬೇಡಿ. ಜಾಗಕ್ಕೆ ಕಟ್ಟಿ, ಅದರಲ್ಲೂ ಮಣ್ಣು ಇಳಿಸುವ ಟ್ರ್ಯಾಕ್ಟರ್ ಬಾಡಿಗೆ ಕಳೆಯಿರಿ.