ಜೇಡ ನುಸಿ: ಬಣ್ಣ ನೋಡಿ ಹೆಸರು ಹೇಳಬೇಡಿ, ಗಂಡನ್ನು ಹುಡುಕಿ

ಗಿಡದ ಎಲೆಯ ರಸ ಹೀರುವ ಪುಟಾಣಿ ಜೇಡ ನುಸಿಗಳ ಪಾಠದಲ್ಲಿ ನನಗೆ ಒಂದೇ ಒಂದು ಹೆಜ್ಜೆ, ಅಂದರೆ ಪ್ರಭೇದ ಗುರುತಿಸುವುದು, ಬಿಟ್ಟು ಉಳಿದದ್ದೆಲ್ಲ ಸಲೀಸಾಗಿ ಹೋಯಿತು. ಆ ಒಂದರಲ್ಲೇ ವಾರಗಟ್ಟಲೆ ಸಿಕ್ಕಿಹಾಕಿಕೊಂಡಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ವರ್ಗೀಕರಣ ಬೇಗ ಮುಗಿಸೋಣ. ನುಸಿ ಕೀಟವಲ್ಲ, ಜೇಡ, ಚೇಳು, ಉಣ್ಣಿಗಳ ಬಳಗ. ಜೇಡ ನುಸಿಗಳ ಕುಟುಂಬ ಟೆಟ್ರಾನಿಕಿಡೇ, ಅದರಲ್ಲಿ 1200ಕ್ಕೂ ಹೆಚ್ಚು ಪ್ರಭೇದಗಳಿವೆ. ಉಪಕುಟುಂಬ ಎರಡು: ಬ್ರಯೋಬಿನೇ, ಟೆಟ್ರಾನಿಕಿನೇ. ಕಾಲಿನ ತುದಿಯಲ್ಲಿ ಉಗುರುಗಳ ನಡುವೆ ಇರುವ ಎಂಪೋಡಿಯಂ ಎಂಬ ಪುಟ್ಟ ಭಾಗದ ಮೇಲೆ ಅಂಟುಗೂದಲು ಇದ್ದರೆ ಮೊದಲನೆಯದು, ಇಲ್ಲದಿದ್ದರೆ ಎರಡನೆಯದು. ಮೊಟ್ಟೆಯಿಂದ ಬಂದ ಮರಿಗೆ ಆರೇ ಕಾಲು, ಅದನ್ನು ನೋಡಿ ಕೀಟ ಅಂದುಕೊಳ್ಳಬೇಡಿ. ಮುಂದಿನ ಹಂತದಿಂದ ಎಂಟು ಕಾಲು.

ಇನ್ನು ಬಣ್ಣ. ಎರಡು ಚುಕ್ಕೆ ಜೇಡ ನುಸಿ, ಅಂದರೆ ಟೆಟ್ರಾನಿಕಸ್ ಅರ್ಟಿಸೆಯನ್ನು ಜರ್ಮನ್ ವಿಜ್ಞಾನಿ ಕಾಖ್ 1836ರಲ್ಲಿ ವಿವರಿಸಿದ. ಆ ಎರಡು ಚುಕ್ಕೆ ಚರ್ಮದ ಮೇಲಿನ ಗುರುತಲ್ಲ, ಹೊಟ್ಟೆಯಲ್ಲಿರುವ ಆಹಾರ ಹೊರಗೆ ಕಾಣುವುದಷ್ಟೇ. ಈಗಷ್ಟೇ ಪೊರೆ ಬಿಟ್ಟ ನುಸಿಯಲ್ಲಿ ಚುಕ್ಕೆಯೇ ಕಾಣದಿರಬಹುದು. ಚಳಿ ಬಂದು ಹಗಲು ಚಿಕ್ಕದಾದಾಗ ಹಸಿರು ಹೆಣ್ಣು ತಿನ್ನುವುದನ್ನು ನಿಲ್ಲಿಸಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೆಂಪು ನುಸಿಯನ್ನು ಬಹಳ ಕಾಲ ಸಿನ್ನಬರಿನಸ್ ಎಂಬ ಬೇರೆ ಪ್ರಭೇದ ಎಂದಿದ್ದರು, ಈಗ ಅದನ್ನು ಅರ್ಟಿಸೆಯದೇ ಕೆಂಪು ರೂಪ ಎನ್ನುವವರೇ ಜಾಸ್ತಿ. ಹಾಗಾಗಿ "ಕೆಂಪು ನುಸಿ" ಅಂತ ಬರೆದರೆ ಬಣ್ಣ ಹೇಳಿದ ಹಾಗಾಯಿತೇ ಹೊರತು ಹೆಸರು ಹೇಳಿದ ಹಾಗಾಗಲಿಲ್ಲ.

ನಾನು ಎಡವಿದ್ದು ಇಲ್ಲಿ. ಟೆಟ್ರಾನಿಕಸ್ ಕುಲದ ಪ್ರಭೇದಗಳ ಹೆಣ್ಣುಗಳು ಹೆಚ್ಚು ಕಡಿಮೆ ಒಂದೇ ಥರ. ಬೇರ್ಪಡಿಸುವುದು ಗಂಡಿನ ಜನನಾಂಗ, ಎಡಿಯೇಗಸ್. ಇಷ್ಟು ಗೊತ್ತಿತ್ತು. ಗಂಡುಗಳನ್ನು ಹಿಡಿದು ಸ್ಲೈಡ್ ಮಾಡಿದೆ. ನೋಡಿದರೆ ಎಲ್ಲದರಲ್ಲೂ ಸುಮ್ನೆ ಒಂದು ನೇರ ಕಡ್ಡಿ! ಪುಸ್ತಕದ ಚಿತ್ರದಲ್ಲಿದ್ದ ಗುಬುಟು ಎಲ್ಲೂ ಇಲ್ಲ. ಆಮೇಲೆ ಹೊಳೆಯಿತು: ಆ ಚಿತ್ರಗಳೆಲ್ಲ ಪಕ್ಕದಿಂದ ನೋಡಿದವು. ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್‌ಸ್ಲಿಪ್ ಒತ್ತಿದಾಗ ನುಸಿ ಬೆನ್ನು ಮೇಲಾಗಿ ಮಲಗುತ್ತದೆ, ನಮಗೆ ಮೇಲಿನ ನೋಟ ಸಿಗುತ್ತದೆ. ಕೊಕ್ಕೆಯನ್ನು ನೆತ್ತಿಯ ಮೇಲಿಂದ ನೋಡಿದರೆ ಅದು ಕೊಕ್ಕೆ ಅಂತ ತಿಳಿಯುವುದಿಲ್ಲ, ಅಲ್ವಾ? ಹಾಗೇ ಇದು.

ಪರಿಹಾರ ಹೀಗೆ. ಒಂದು ಸ್ಲೈಡಿಗೆ ಒಂದೇ ಗಂಡು. ನುಸಿಯನ್ನು ಸ್ಲೈಡಿನಲ್ಲಿ ಕೂರಿಸಲು ಬಳಸುವ ಹೋಯರ್ಸ್ ದ್ರಾವಣದ ಚಿಕ್ಕ ಹನಿ. ಕವರ್‌ಸ್ಲಿಪ್ಪನ್ನು ಒತ್ತದೆ ಮೆಲ್ಲಗೆ ಇಳಿಸಿ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಲೇ ಸೂಜಿಯಿಂದ ಕವರ್‌ಸ್ಲಿಪ್ಪಿನ ಅಂಚನ್ನು ಕೂದಲೆಳೆಯಷ್ಟು ಸರಿಸಿ. ನುಸಿ ಉರುಳಿ ಪಕ್ಕಕ್ಕೆ ಹೊರಳುತ್ತದೆ. ಎರಡೂ ಬದಿಯ ಕಾಲುಗಳು ಒಂದರ ಮೇಲೊಂದು ಬಂದಂತೆ ಕಂಡಾಗ ನಿಲ್ಲಿಸಿ. ಟೆಟ್ರಾನಿಕಸ್ ಆಗಿದ್ದರೆ ಎಡಿಯೇಗಸ್‌ನ ತುದಿ ಮೇಲಕ್ಕೆ ಬಾಗಿರುತ್ತದೆ, ಒಲಿಗೊನಿಕಸ್ ಎಂಬ ಇನ್ನೊಂದು ಜೇಡ ನುಸಿ ಕುಲದಲ್ಲಿ ಹೆಚ್ಚಾಗಿ ಕೆಳಕ್ಕೆ. ಅರ್ಟಿಸೆಯದಾದರೆ ತುದಿಯಲ್ಲಿ ಪುಟ್ಟ ಗುಬುಟು, ಅದರ ಎರಡೂ ಕಡೆ ಸಣ್ಣ ಮೊನೆ. ಮೊದಲ ಸಲ ಅದು ಕಣ್ಣಿಗೆ ಬಿದ್ದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಗಂಡು ಸಿಗುವುದೇ ಇಲ್ಲ ಎನ್ನುವವರಿಗೆ ನನ್ನ ಅಚ್ಚುಮೆಚ್ಚಿನ ಉಪಾಯ. ಎಲೆಯ ಅಡಿ, ಬಲೆಯ ನಡುವೆ, ಅಲುಗಾಡದೆ ಬೆಳ್ಳಿಯಂತೆ ಹೊಳೆಯುವ ಹೆಣ್ಣು ಹುಡುಕಿ. ಅದು ಕೊನೆಯ ಪೊರೆ ಬಿಡಲು ಕಾಯುತ್ತಿರುತ್ತದೆ. ಅದರ ಪಕ್ಕದಲ್ಲೋ ಮೇಲೋ ಚಿಕ್ಕದಾದ, ಹಿಂಭಾಗ ಚೂಪಾದ, ಕಾಲು ಉದ್ದವಾದ ಒಂದು ನುಸಿ ಕಾವಲು ಕೂತಿರುತ್ತದೆ. ಅದೇ ಗಂಡು. ಹೆಣ್ಣು ಹೊರಬಂದ ತಕ್ಷಣ ಕೂಡಲು ಕಾಯುತ್ತಿರುತ್ತದೆ, ಹಾಗಾಗಿ ಬೇಗ ಜಾಗ ಬಿಡುವುದಿಲ್ಲ. ಕೂಡದಿದ್ದರೂ ಹೆಣ್ಣು ಮೊಟ್ಟೆಯಿಡುತ್ತದೆ, ಆದರೆ ಅವೆಲ್ಲ ಗಂಡೇ ಆಗುತ್ತವೆ.

ಹತೋಟಿ. ಕೀಟವಲ್ಲ ಎನ್ನುವುದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ನುಸಿಯ ಶತ್ರುಗಳು ಸತ್ತು ನುಸಿ ಇನ್ನೂ ಹೆಚ್ಚುವುದುಂಟು. ನುಸಿನಾಶಕಗಳಲ್ಲೂ ಯಾವುದು ಯಾವ ಹಂತಕ್ಕೆ ಅಂತ ನೋಡಬೇಕು: ಹೆಕ್ಸಿಥಿಯಜಾಕ್ಸ್ ಮೊಟ್ಟೆ, ಮರಿಗಳಿಗೆ, ಬೆಳೆದವನ್ನು ಕೊಲ್ಲುವುದಿಲ್ಲ. ಅಬಾಮೆಕ್ಟಿನ್ ಓಡಾಡುವವಕ್ಕೆ. ನುಸಿ ಇರುವುದು ಎಲೆಯ ಅಡಿಯಲ್ಲಿ, ಆದ್ದರಿಂದ ದ್ರಾವಣ ಅಲ್ಲಿಗೇ ತಲುಪಬೇಕು. ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಒಂದು ವಾರ, ಹತ್ತು ದಿನ ಸಾಕು. ತಲೆಮಾರುಗಳು ಇಷ್ಟು ಬೇಗ ಬರುವುದರಿಂದಲೇ ಔಷಧಿಗೆ ಜಗ್ಗದ ನುಸಿಗಳು ಬೇಗ ಹುಟ್ಟುತ್ತವೆ, ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಹೊಡೆಯಬಾರದು.

ಸಿಂಪಡಿಸುವ ಮೊದಲು ಲೆನ್ಸ್ ಹಿಡಿದು ಮೊಟ್ಟೆಗಳನ್ನೂ ನೋಡಿ. ಗುಂಡಾಗಿದ್ದರೆ ಜೇಡ ನುಸಿಯದು. ಅವುಗಳ ನಡುವೆ ಸ್ವಲ್ಪ ದೊಡ್ಡದಾದ, ಉದ್ದುದ್ದ ಮೊಟ್ಟೆ ಇದ್ದು, ಹನಿಯಾಕಾರದ ಹೊಳೆಯುವ ನುಸಿ ಸರಸರ ಓಡುತ್ತಿದ್ದರೆ ಅದು ಫೈಟೋಸಿಯುಲಸ್‌ನಂಥ ಬೇಟೆಗಾರ ನುಸಿ. ಅಂಥವು ಎಲೆ ಎಲೆಯಲ್ಲೂ ಕಂಡರೆ ಪಂಪು ಕೆಳಗಿಟ್ಟು, ಮೂರು ನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿ ನೋಡಿ.